ಬೋರ್ಡಿನ ಮೇಲಿನ ಬೆಟ್ಟ



ಬೆಟ್ಟ ಬಿಡಿಸು ಎಂದರೆ ನಮ್ಮ ಮಕ್ಕಳು ಬೋರ್ಡಿನಲ್ಲಿ ಕಂಡಂತೆ ಎರಡು ತ್ರಿಕೋನ ಗೀಚಿ, ನಡುವೆ ಸೂರ್ಯನನ್ನು ಕೂರಿಸಿ, ಕೆಳಗೊಂದು ಹೊಳೆ ಹರಿಸಿ, ದಡದಲ್ಲಿ ತೆಂಗಿನಮರ ನೆಡುತ್ತಾರೆ. ನಮ್ಮ ಬೆಟ್ಟಗಳಲ್ಲೇ ಎತ್ತಿನ ಭುಜದ ಆಕಾರ ಬೇರೆ, ಮೇರುತಿಯದು ಬೇರೆ. ಹಾಳೆಯ ಮೇಲೆ ಎರಡೂ ಇಲ್ಲ. ಕಣ್ಣೆದುರಿನ ಬೆಟ್ಟ ಬಿಟ್ಟು ಬೋರ್ಡಿನ ಮೇಲಿನ ಬೆಟ್ಟವನ್ನು ನಂಬುವ ಈ ರೂಢಿ ಚಿತ್ರಕ್ಕೇ ಮುಗಿಯುವುದಿಲ್ಲ ಎಂಬುದು ನನ್ನ ವಾದ. ಹೀಗೆ ಬೆಳೆದವರು ನಾಳೆ ಮೊಬೈಲಿಗೆ ಬಂದದ್ದನ್ನೇ ನಂಬಿ ಮತ ಹಾಕುತ್ತಾರೆ. ಬದಲಿಗೆ ಒಂದೇ ಕಾಫಿತೋಟವನ್ನು ಸಾಹುಕಾರರ ಮಗಳೂ ಕೂಲಿಯವರ ಲೈನ್‌ಮನೆಯ ಹುಡುಗನೂ ನೋಡಿ ಬಿಡಿಸಲಿ. ಅವಳ ಹಾಳೆಯಲ್ಲಿ ಕಣದ ತುಂಬ ಒಣಗುವ ಕಾಫಿಹಣ್ಣು ಬಂದೀತು. ಅವನದರಲ್ಲಿ ಅಮ್ಮನ ಸೊಂಟದ ಚೀಲ, ಕಾಲಿಗೆ ಹತ್ತಿದ ಜಿಗಣೆ. ಎರಡನ್ನೂ ಪಕ್ಕಪಕ್ಕ ಅಂಟಿಸಿ ಇಬ್ಬರನ್ನೂ ಮಾತಾಡಿಸಿದರೆ, ತಾನು ಕಾಣದ್ದೂ ನಿಜವಿರಬಹುದೆಂದು ಹತ್ತನೇ ವಯಸ್ಸಿಗೇ ತಿಳಿಯುತ್ತದೆ. ಲೆಕ್ಕದ ಪೀರಿಯಡ್ಡಿನಲ್ಲಿ ಇದಕ್ಕೆ ಅವಕಾಶ ಕಡಿಮೆ.

ಕಲೆ ಕಲಿತವರೆಲ್ಲ ಒಳ್ಳೆಯ ಪ್ರಜೆಗಳೇ ಎಂದು ಕೇಳಬಹುದು. ಖಂಡಿತ ಅಲ್ಲ. ಹಿಟ್ಲರ್ ಚಿತ್ರಕಾರನಾಗಲು ಹೊರಟಿದ್ದವನು. 1937ರಲ್ಲಿ ಅವನ ಸರ್ಕಾರ ತನಗೊಪ್ಪದ ಚಿತ್ರಗಳನ್ನು ಮ್ಯೂನಿಕ್‌ನಲ್ಲಿ ಹಂಗಿಸಲೆಂದೇ ಪ್ರದರ್ಶನಕ್ಕಿಟ್ಟಿತು. ಆದ್ದರಿಂದಲೇ ಬರೀ ಕೈಚಳಕ ಕಲಿಸಿದರೆ ಆಗದು, ನೋಡಿ ಚರ್ಚಿಸುವುದನ್ನೂ ಕಲಿಸಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನಲ್ಲಿ ಕೆ.ವಿ. ಸುಬ್ಬಣ್ಣ ನಟರನ್ನಷ್ಟೇ ತಯಾರು ಮಾಡಲಿಲ್ಲ. ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು, ಶಿಬಿರಗಳಲ್ಲಿ ನಾಟಕ ನೋಡಿದವರನ್ನು ಕೂರಿಸಿ ವಾದಕ್ಕೆ ಎಳೆದರು. ನಮ್ಮ ಮೂಡಿಗೆರೆಯ ಲೇಖಕ ತೇಜಸ್ವಿ ಹಕ್ಕಿಗಾಗಿ ಕ್ಯಾಮೆರಾ ಹಿಡಿದು ಕಾದದ್ದೂ, ಯಾರೋ ಹೇಳಿದ್ದನ್ನು ಒಪ್ಪದೆ ತಾವೇ ನೋಡುವ ಹಟದಿಂದ.

ಓದುಬರಹಕ್ಕೇ ಮೇಷ್ಟ್ರಿಲ್ಲದಾಗ ಚಿತ್ರಕ್ಕೆಲ್ಲಿಂದ ತರೋಣ ಎಂಬ ಮಾತು ಹೆಚ್ಚು ತೂಕದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 6ರಿಂದ 8ನೇ ತರಗತಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರಿಗೆ ಅವಕಾಶವಿದೆ. ಆದರೆ ಮಕ್ಕಳು 100 ಮೀರಿದರೆ ಮಾತ್ರ. ಒಂಟಿಮನೆಗಳ ಮಲೆನಾಡಿನ ಸಣ್ಣ ಶಾಲೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಬಯಲುಸೀಮೆಯ ದೊಡ್ಡ ಊರು ನೋಡಿ ಹಾಕಿದ ಲೆಕ್ಕದಂತಿದೆ! ಶಾಲೆಗಳ ಕ್ಲಸ್ಟರಿಗೊಬ್ಬರು ಬೋಧಕರು ವಾರಕ್ಕೊಂದು ದಿನದಂತೆ ಶಾಲೆಯಿಂದ ಶಾಲೆಗೆ ಬರಲಿ. ಪಂಚಾಯಿತಿಗಳೂ ಶಾಲಾಭಿವೃದ್ಧಿ ಸಮಿತಿಗಳಾದ ಎಸ್‌ಡಿಎಂಸಿಗಳೂ ಇದನ್ನು ಕೇಳಿ ಪಡೆಯಬೇಕು. ಹೀಗೆ ಬಂದವರಿಂದ ಓದಿಗೂ ಲಾಭವೇ. ತಾನು ಬಿಡಿಸಿದ್ದರ ಬಗ್ಗೆ ನಾಲ್ಕು ಸಾಲು ಬರೆ ಎಂದರೆ ಮಗುವಿಗೆ ಹೇಳಲು ತನ್ನದೇ ವಿಷಯ ಇರುತ್ತದೆ.

ಮಕ್ಕಳ ಈ ಚಿತ್ರಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ತೀರ್ಪುಗಾರರಲ್ಲಿ ಒಂದೇ ವಿನಂತಿ: ಬಹುಮಾನ ಬರೆಯುವ ಮೊದಲು ಚಿತ್ರ ಬಿಡಿಸಿದ ಮಗುವನ್ನು ಅದರ ಮುಂದೆ ನಿಲ್ಲಿಸಿ, ಇದನ್ನು ಹೀಗೇಕೆ ಮಾಡಿದೆ ಎಂದು ಕೇಳಿ.