ಹಳೆಯ ಪಿಯಾನೋ ಮತ್ತು ಬೆಲೆ ಕಟ್ಟುವವನ ಹೊಣೆ

ಮೈಸೂರಿಗೆ ಪಿಯಾನೋ ಹೊಸ ವಾದ್ಯವೇನಲ್ಲ. ಜಯಚಾಮರಾಜ ಒಡೆಯರು ಅದನ್ನು ಶ್ರದ್ಧೆಯಿಂದ ಕಲಿತು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ನಮ್ಮಂಥವರ ಮನೆಗೆ ಮಾತ್ರ ಈ ವಾದ್ಯ ಬರುವುದು ಸಾಮಾನ್ಯವಾಗಿ ಮತ್ತೊಬ್ಬರು ಬಳಸಿ ಬಿಟ್ಟ ಮೇಲೆ. ಆಗ ಅದರ ಬೆಲೆ ಹೇಳಿರೆಂದು ನನ್ನಂಥ ಶ್ರುತಿ ಮಾಡುವವನನ್ನು ಕರೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಹೆಬ್ಬಾಳದಲ್ಲಿ, ಕಾರ್ಖಾನೆಯಿಂದ ನಿವೃತ್ತರಾದ ಯಜಮಾನರೊಬ್ಬರು ಮೊಮ್ಮಗಳಿಗಾಗಿ ಪಿಯಾನೋ ಕೊಳ್ಳಲು ಹೊರಟರು. ಮಾರುವವರ ಮನೆಗೆ ನನ್ನನ್ನೂ ಕರೆದೊಯ್ದರು. ವಾದ್ಯ ಫಳಫಳ ಹೊಳೆಯುತ್ತಿತ್ತು. ಮೇಲಿನ ಮುಚ್ಚಳ ತೆಗೆದು ಇಣುಕಿದೆ, ನಾಲ್ಕು ಸ್ವರ ನುಡಿಸಿದೆ, "ಚೆನ್ನಾಗಿದೆ, ತೆಗೆದುಕೊಳ್ಳಿ" ಎಂದೆ. ಕೆಳಗಿನ ಹಲಗೆ ಬಿಚ್ಚಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೆ ಗೆದ್ದಲು ತಿಂದಿದ್ದು ಬಯಲಾಯಿತು. "ನೀವು ಹೇಳಿದಿರೆಂದು ಕೊಂಡೆವು, ಸ್ವಾಮಿ" ಎಂದರು ಯಜಮಾನರು. ನನ್ನ ಕೂಲಿಯನ್ನು ಹಿಂದಕ್ಕೆ ಕೊಟ್ಟೆ. ಆದರೆ ಅವರು ವಾದ್ಯಕ್ಕೆ ತೆತ್ತ ಹಣ ಹೋದದ್ದೇ ಹೋಯಿತು.

ದೊಡ್ಡ ಪಿಯಾನೋದಲ್ಲಿ 88 ಕೀಲಿಗಳು, ಸುಮಾರು 230 ತಂತಿಗಳು. ಅವೆಲ್ಲ ಒಟ್ಟಾಗಿ ಹದಿನೈದು ಟನ್ನಿಗೂ ಮಿಕ್ಕಿದ ಬಲದಿಂದ ಎಳೆಯುತ್ತವೆ. ಕಬ್ಬಿಣದ ಚೌಕಟ್ಟು ಬಿರಿದಿದೆಯೆ, ಬಿರಡೆಗಳು ಸಡಿಲವಾಗಿವೆಯೆ, ಸುತ್ತಿಗೆಗಳ ಉಣ್ಣೆಯನ್ನು ನುಸಿ ತಿಂದಿದೆಯೆ ಎಂಬುದನ್ನು ಬಿಚ್ಚಿ ನೋಡದೆ ಹೇಳಲಾಗದು. ಬಿರಡೆ ಹಿಡಿಯದಿದ್ದರೆ ಶ್ರುತಿ ನಿಲ್ಲುವುದಿಲ್ಲ.

ಅಂದಿನಿಂದ ನಾನು ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ನೋಡಿದ್ದನ್ನೂ ನೋಡದೆ ಬಿಟ್ಟದ್ದನ್ನೂ ಬರೆದು ಕೊಡುತ್ತೇನೆ. ಕರೆದವರಿಂದಲ್ಲದೆ ಬೇರೆ ಯಾರಿಂದಲೂ ಹಣ ಮುಟ್ಟುವುದಿಲ್ಲ. ಮಾರುವವರು ದಳ್ಳಾಳಿ ಕೊಡಲು ಬಂದರೆ ಕೊಳ್ಳುವವರಿಗೆ ತಿಳಿಸುತ್ತೇನೆ. ನಾನು ಬೆಲೆ ಕಟ್ಟಿದ ವಾದ್ಯವನ್ನು ನಾನೇ ಕೊಳ್ಳುವುದಿಲ್ಲ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಮನೆ ಬಿಡುವಾಗ "ಎಷ್ಟಾದರೂ ಕೊಡಿ" ಎಂದರೆ, ಆಗಲೂ ನಿಜವಾದ ಬೆಲೆಯನ್ನೇ ಹೇಳಬೇಕು.

ಇನ್ನೊಂದು ಮಾತು. ಹಳೆಯ ಕೀಲಿಗಳಿಗೆ ಆನೆಯ ದಂತ ಹೊದಿಸಿರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಾದ ತಿದ್ದುಪಡಿಯು ಆಫ್ರಿಕದಿಂದ ಬಂದ ದಂತದ ವ್ಯಾಪಾರವನ್ನೂ ನಿಷೇಧಿಸಿತು. ಇದನ್ನು ಮುಚ್ಚಿಟ್ಟು ಬೆಲೆ ಹೇಳುವುದು ಇಬ್ಬರಿಗೂ ಮಾಡಿದ ಮೋಸ.

ನೀವು ಹಳೆಯ ವಾದ್ಯ ಕೊಳ್ಳುವುದಾದರೆ, ಪರೀಕ್ಷೆಗೆ ಬಂದವನನ್ನು ಸಂಕೋಚವಿಲ್ಲದೆ ಕೇಳಿ: "ಕೆಳಗಿನ ಹಲಗೆ ತೆಗೆದು ನೋಡಿದಿರಾ? ಮಾರುವವರು ನಿಮಗೇನಾದರೂ ಕೊಡುತ್ತಾರೆಯೆ?" ಸರಿಯಾದ ಮನುಷ್ಯನಾದರೆ ಬೇಸರಪಟ್ಟುಕೊಳ್ಳುವುದಿಲ್ಲ. ಅಂದು ಹೆಬ್ಬಾಳದ ಯಜಮಾನರು ಕೇಳಿದ್ದರೆ ನಾನೂ ಹಲಗೆ ಬಿಚ್ಚುತ್ತಿದ್ದೆ.