ಪಿಸ್ತೂಲು: ಬಿಚ್ಚುವ ಕ್ರಮ, ಜೋಡಿಸುವ ಕ್ರಮ



ಪಿಸ್ತೂಲು ಎಂದೊಡನೆ ನಿಮಗೆ ನೆನಪಾಗುವುದು ಸಿನಿಮಾ. ನಾಯಕ ಅದನ್ನು ಸೊಂಟದಿಂದ ತೆಗೆಯುತ್ತಾನೆ, ಹಾರಿಸುತ್ತಾನೆ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋಗುತ್ತಾನೆ. ಹಳೆಯ ಬಟ್ಟೆ ಹಾಸಿಕೊಂಡು, ಎಣ್ಣೆಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಅದರ ನಳಿಗೆಯನ್ನು ಉಜ್ಜುತ್ತ ಕುಳಿತ ನಾಯಕನನ್ನು ನೀವು ಕಂಡಿರಲಾರಿರಿ. ಆದರೆ ಸೈನ್ಯದಲ್ಲಾಗಲಿ ಪೊಲೀಸ್ ಇಲಾಖೆಯಲ್ಲಾಗಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ. ಆಯುಧದ ಜೊತೆ ತಾವು ಕಳೆದ ಹೊತ್ತಿನಲ್ಲಿ ಹೆಚ್ಚಿನ ಪಾಲು ಅದನ್ನು ಶುಚಿ ಮಾಡುವುದರಲ್ಲೇ ಹೋಯಿತು ಎನ್ನುತ್ತಾರೆ. ಈ ಹೊತ್ತಿನ ಮಾತು ಆ ಕೆಲಸವನ್ನು ಕುರಿತದ್ದು.

ನಮ್ಮ ಭಾರತೀನಗರ ಮದ್ದೂರು–ಮಳವಳ್ಳಿ ರಸ್ತೆಯಲ್ಲಿರುವ ಊರು. ಹಿರಿಯರ ಬಾಯಲ್ಲಿ ಅದು ಇಂದಿಗೂ ಕೆ.ಎಂ. ದೊಡ್ಡಿ, ಅಂದರೆ ಕಾಳಮುದ್ದನದೊಡ್ಡಿ. ಸಕ್ಕರೆ ಕಾರ್ಖಾನೆಯಿಂದಲೂ ಜಿ. ಮಾದೇಗೌಡರು ಕಟ್ಟಿದ ಭಾರತೀ ವಿದ್ಯಾಸಂಸ್ಥೆಯಿಂದಲೂ ಹೆಸರಾದದ್ದು. ಸುತ್ತಲಿನ ಹಳ್ಳಿಗಳಿಂದ ಓದಲು ಬರುವ ನಿಮ್ಮಲ್ಲಿ ಪೊಲೀಸ್ ಕೆಲಸಕ್ಕೋ ಸೈನ್ಯಕ್ಕೋ ಸೇರುವ ಆಸೆಯುಳ್ಳವರು ಕೆಲವರಾದರೂ ಇದ್ದೇ ಇರುತ್ತೀರಿ. ಓಟ, ಉದ್ದಜಿಗಿತ, ಲಿಖಿತ ಪರೀಕ್ಷೆ ಇವುಗಳಿಗೆ ತಯಾರಾಗುವುದು ನಿಮಗೆ ಗೊತ್ತು. ಆಯ್ಕೆಯಾದ ಮೇಲೆ ಕೈಗೆ ಆಯುಧ ಬಂದಾಗ ಮೊದಲು ಕಲಿಸುವುದು ಗುರಿ ಇಡುವುದನ್ನಲ್ಲ, ಬಿಚ್ಚಿ ಜೋಡಿಸುವುದನ್ನು.

ಎನ್.ಸಿ.ಸಿ.ಗೆ ಸೇರಿದವರಿಗೆ ಇದರ ರುಚಿ ಈಗಾಗಲೇ ಹತ್ತಿರುತ್ತದೆ. 1948ರ ಕಾಯಿದೆಯಿಂದ ಹುಟ್ಟಿದ ಈ ಸಂಸ್ಥೆಯಲ್ಲಿ ಹುಡುಗಿಯರ ವಿಭಾಗ ಮರುವರ್ಷವೇ, 1949ರಲ್ಲಿ, ಆರಂಭವಾಯಿತು. ಅಲ್ಲಿ ಬಹುಕಾಲದಿಂದ ಕೆಡೆಟ್‌ಗಳ ಕೈಗೆ ಬಂದದ್ದು ಪಿಸ್ತೂಲಲ್ಲ, ಪಾಯಿಂಟ್ ಟೂಟೂ ರೈಫಲ್. ನಳಿಗೆಯ ಒಳ ಅಳತೆ ಒಂದು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು, ನಮ್ಮ ಲೆಕ್ಕದಲ್ಲಿ ಐದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಇಪ್ಪತ್ತೈದು ಗಜದ ಗುರಿಗೆ ಹೊಡೆಯುವ ಮುನ್ನ ‘ಖೋಲ್ನಾ, ಜೋಡ್ನಾ’ ಎಂಬ ಪಾಠ. ಅದಕ್ಕೂ ಮುನ್ನ ‘ಜಾಂಚ್ ಶಸ್ತ್ರ’ ಎಂಬ ಆಜ್ಞೆ. ಎಲ್ಲರೂ ಬೋಲ್ಟ್ ಹಿಂದಕ್ಕೆಳೆದು ಒಳಗೆ ಗುಂಡಿಲ್ಲವೆಂದು ತೋರಿಸಬೇಕು. ಭಾಷೆ ಹಿಂದಿ, ಆದರೆ ಅದರ ಹಿಂದಿನ ವಿಚಾರ ಎಲ್ಲ ಭಾಷೆಗೂ ಒಂದೇ. ಪಿಸ್ತೂಲಿನಲ್ಲಿ ಆ ವಿಚಾರ ಇನ್ನೂ ನಿಷ್ಠುರವಾದದ್ದು, ಏಕೆಂದರೆ ಅದು ಅಂಗೈಯಷ್ಟು ಪುಟ್ಟದು. ಮಣಿಕಟ್ಟು ಸ್ವಲ್ಪ ತಿರುಗಿದರೂ ಬಾಯಿ ಪಕ್ಕದವನ ಕಡೆಗೆ ಹೋಗುತ್ತದೆ.

ಶುಚಿ ಏಕೆ ಮಾಡಬೇಕು? ಇದಕ್ಕೆ ಉತ್ತರ ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿದೆ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲಕ್ಕೆ ಚಕಮಕಿ ಕಲ್ಲಿನ ಬಂದೂಕು, ಪಿಸ್ತೂಲುಗಳು ತಯಾರಾಗುತ್ತಿದ್ದವು. ಹುಲಿಯ ಮುಖ, ಹುಲಿಪಟ್ಟೆಗಳನ್ನು ಕೆತ್ತಿದ ಅಂಥ ಆಯುಧಗಳನ್ನು 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಹೊತ್ತೊಯ್ದರು. ಅವುಗಳಲ್ಲಿ ಹಾಕುತ್ತಿದ್ದುದು ಕರಿಮದ್ದು: ಪೆಟ್ಲುಪ್ಪು, ಗಂಧಕ, ಇದ್ದಿಲು. ಇದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೊರಬೀಳುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನತೊಡಗುತ್ತದೆ. ಬಿಸಿನೀರು ಸುರಿದು ತೊಳೆಯದೆ ವಿಧಿಯಿರಲಿಲ್ಲ.

ಮುಂದೆ ಹೊಗೆಯಿಲ್ಲದ ಮದ್ದು ಬಂತು. ಮಸಿ ಕಡಿಮೆಯಾಯಿತು, ಆದರೆ ತೊಂದರೆ ತಪ್ಪಲಿಲ್ಲ. ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿರುತ್ತದೆ. ಹಿಂದೆ ಅದರಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಬಳಸುತ್ತಿದ್ದರು. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಉಪ್ಪಿನಕಾಯಿ ಜಾಡಿಗೆ ತಗಡಿನ ಮುಚ್ಚಳ ಹಾಕಿಟ್ಟರೆ ಏನಾಗುತ್ತದೆಂದು ನಿಮ್ಮ ಮನೆಯಲ್ಲೇ ನೋಡಿದ್ದೀರಿ. ಅದೇ ನಳಿಗೆಯೊಳಗೂ ಆಗುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದಲೇ ಅಂದಿನ ಸೈನಿಕರು ಮೊದಲು ಕುದಿನೀರು, ಆಮೇಲೆ ಎಣ್ಣೆ ಎಂಬ ಕ್ರಮ ಇಟ್ಟುಕೊಂಡಿದ್ದರು. ಇಂದಿನ ತೋಟೆಗಳಲ್ಲಿ ಈ ಉಪ್ಪಿನ ಕಾಟ ಬಹುಮಟ್ಟಿಗೆ ಇಲ್ಲ. ಆದರೂ ಇಂಗಾಲದ ಮಸಿ, ಸೀಸ ಮತ್ತು ತಾಮ್ರದ ಸಣ್ಣ ಸವಕಲು, ಕೈಬೆವರು, ಧೂಳು ಇವೆಲ್ಲ ಸೇರಿ ಜಾರಬೇಕಾದ ಭಾಗಗಳನ್ನು ಹಿಡಿದು ನಿಲ್ಲಿಸುತ್ತವೆ. ನಾಲೆ ಬಯಲಿನ ಮಳೆಗಾಲದ ಗಾಳಿ ಎಂಥದೆಂದು ಹೇಳಬೇಕಾಗಿಲ್ಲ.

ಇನ್ನು ಬಿಚ್ಚುವ ಕ್ರಮ. ಉದಾಹರಣೆಗೆ ನಮ್ಮ ದೇಶದ ಸೇನೆ ಮತ್ತು ಪೊಲೀಸ್ ಪಡೆಗಳಲ್ಲಿ ಬಳಸಿದ 9 ಮಿಲಿಮೀಟರ್ 1ಎ ಪಿಸ್ತೂಲನ್ನು ತೆಗೆದುಕೊಳ್ಳೋಣ. ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಇದು ಬ್ರೌನಿಂಗ್ ಹೈಪವರ್ ಎಂಬ ಪಿಸ್ತೂಲಿನ ಭಾರತೀಯ ರೂಪ. ಅದನ್ನು ಕಲ್ಪಿಸಿದವರು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. 1926ರಲ್ಲಿ ಅವರು ತೀರಿಕೊಂಡ ಮೇಲೆ ಕೆಲಸವನ್ನು ಪೂರ್ತಿ ಮಾಡಿದವರು ಬೆಲ್ಜಿಯಂನ ದ್ಯೂದೊನೆ ಸೈವ್. ಪಿಸ್ತೂಲು ಹೊರಬಂದದ್ದು 1935ರಲ್ಲಿ. ಮ್ಯಾಗಜಿನ್‌ನಲ್ಲಿ 13 ತೋಟೆ ಹಿಡಿಯುತ್ತದೆ.

ಮೊದಲ ಕೆಲಸ ಮ್ಯಾಗಜಿನ್ ಹೊರತೆಗೆಯುವುದು. ಎರಡನೆಯದು ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಚೇಂಬರಿನಲ್ಲಿರಬಹುದಾದ ತೋಟೆಯನ್ನು ಹೊರಹಾಕುವುದು, ಹಾಕಿದ ಮೇಲೆ ಕಣ್ಣಿನಿಂದ ನೋಡುವುದು, ಕಿರುಬೆರಳಿನಿಂದ ಮುಟ್ಟಿ ನೋಡುವುದು. ಈ ಎರಡರ ಕ್ರಮ ಅದಲು ಬದಲಾದರೆ ಏನಾಗುತ್ತದೆಂದು ಸ್ವಲ್ಪ ಯೋಚಿಸಿ. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದಿರಿ ಎನ್ನಿ. ಚೇಂಬರಿನ ತೋಟೆ ಹೊರಗೆ ಬಿತ್ತು, ನೀವು ಕಂಡಿರಿ, ಸಮಾಧಾನವಾಯಿತು. ಆದರೆ ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜಿನ್‌ನಿಂದ ಇನ್ನೊಂದು ತೋಟೆಯನ್ನು ತಳ್ಳಿಕೊಂಡು ಹೋಗಿ ಚೇಂಬರಿಗೆ ತುಂಬಿತು. ಆಮೇಲೆ ಮ್ಯಾಗಜಿನ್ ತೆಗೆದಿರಿ. ಈಗ ಕೈಯಲ್ಲಿರುವುದು ಖಾಲಿಯಂತೆ ತೋರುವ, ಒಳಗೆ ಒಂದು ಗುಂಡಿರುವ ಪಿಸ್ತೂಲು. ಹೈಪವರ್ ಜಾತಿಯಲ್ಲಿ ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದಂತೆ ಒಂದು ಏರ್ಪಾಡಿದೆ. ಎಷ್ಟೋ ಬೇರೆ ಪಿಸ್ತೂಲುಗಳಲ್ಲಿ ಅದಿಲ್ಲ. ಅಷ್ಟೇ ಅಲ್ಲ, 1982ರಲ್ಲಿ ಆಸ್ಟ್ರಿಯದಲ್ಲಿ ಬಂದ ಗ್ಲಾಕ್‌ನಂಥವನ್ನು ಬಿಚ್ಚಬೇಕಾದರೆ ಒಮ್ಮೆ ಟ್ರಿಗರ್ ಒತ್ತಲೇಬೇಕು. ಚೇಂಬರ್ ನೋಡದವನಿಗೆ ಅಲ್ಲಿ ಕ್ಷಮೆಯಿಲ್ಲ.

‘ಬಂದೂಕು ಶುಚಿಗೊಳಿಸುವಾಗ ಆಕಸ್ಮಿಕವಾಗಿ ಗುಂಡು ಹಾರಿ ಸಾವು’ ಎಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಈ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಶುಚಿ ಮಾಡುವುದೆಂದರೆ ಮೊದಲು ಖಾಲಿ ಮಾಡುವುದು. ಖಾಲಿ ಮಾಡದೆ ಕೈ ಹಾಕಿದವನು ಇನ್ನೂ ಶುಚಿ ಮಾಡಲು ಆರಂಭಿಸಿಯೇ ಇಲ್ಲ. ಗುಂಡುಗಳನ್ನು ಆ ಮೇಜಿನ ಮೇಲೆ ಇಡಲೇ ಕೂಡದು, ಬೇರೆ ಕೋಣೆಯಲ್ಲಿಡಬೇಕು ಎನ್ನುವ ಪದ್ಧತಿ ಇರುವುದೂ ಇದಕ್ಕೇ. ಯಾರಾದರೂ ‘ನಾನು ಆಗಲೇ ನೋಡಿದ್ದೇನೆ, ಖಾಲಿ’ ಎಂದು ಕೊಟ್ಟರೂ ತೆಗೆದುಕೊಂಡವರು ಮತ್ತೆ ನೋಡಬೇಕು. ಕೊಟ್ಟವರು ಹಿರಿಯ ಅಧಿಕಾರಿಯಾದರೂ ಅಷ್ಟೇ. ಇದನ್ನು ಅವಿಧೇಯತೆ ಎಂದು ಯಾರೂ ತಿಳಿಯುವುದಿಲ್ಲ.

ಖಾಲಿಯಾದ ಮೇಲೆ ಉಳಿದದ್ದು ಸುಲಭ. ಸ್ಲೈಡನ್ನು ಹಿಂದಕ್ಕೆಳೆದು ಸೇಫ್ಟಿಯನ್ನು ಅದರ ಕಚ್ಚಿಗೆ ಸಿಕ್ಕಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ಬಲಗಡೆಯಿಂದ ಪುಟ್ಟ ಕಡ್ಡಿಯ ತುದಿಯನ್ನು ಒತ್ತಿದರೆ ಎಡಗಡೆ ಸ್ಲೈಡ್ ಸ್ಟಾಪ್ ಎಂಬ ತುಂಡು ಹೊರಬರುತ್ತದೆ. ಸೇಫ್ಟಿಯನ್ನು ಬಿಡಿಸಿ ಸ್ಲೈಡನ್ನು ಮುಂದಕ್ಕೆ ಜಾರಿಸಿದರೆ ಪಿಸ್ತೂಲು ಎರಡು ಭಾಗವಾಗುತ್ತದೆ. ಸ್ಲೈಡನ್ನು ಅಂಗಾತ ಮಾಡಿ ಸ್ಪ್ರಿಂಗನ್ನೂ ಅದರ ಕಂಬಿಯನ್ನೂ ಬೆರಳಿನಲ್ಲಿ ಒತ್ತಿ ಹಿಡಿದು ತೆಗೆಯಬೇಕು. ಹಿಡಿತ ತಪ್ಪಿದರೆ ಸ್ಪ್ರಿಂಗ್ ಹಾರಿ ಮೇಜಿನಡಿ ಸೇರುತ್ತದೆ, ಕಣ್ಣಿಗೂ ಬಡಿದೀತು. ಕೊನೆಗೆ ನಳಿಗೆ ಕೈಗೆ ಬರುತ್ತದೆ. ದಿನನಿತ್ಯದ ಶುಚಿಗೆ ಇಷ್ಟೇ ಸಾಕು. ಇದಕ್ಕಿಂತ ಒಳಗೆ, ಸುತ್ತಿಗೆಯ ತನಕ, ಟ್ರಿಗರಿನ ಸಂದಿಯ ತನಕ ಬಿಚ್ಚುವುದು ಆರ್ಮರರ್ ಎನ್ನುವ ತಜ್ಞನ ಕೆಲಸ. ಸ್ಕ್ರೂಡ್ರೈವರ್ ಸಿಕ್ಕಿತೆಂದು ಕಂಡದ್ದನ್ನೆಲ್ಲ ಬಿಚ್ಚುವ ಉತ್ಸಾಹ ಗಡಿಯಾರಕ್ಕೂ ಒಳ್ಳೆಯದಲ್ಲ.

ನಮ್ಮಲ್ಲಿ ಪಂಪ್‌ಸೆಟ್ ಬಿಚ್ಚುವ ಮೆಕ್ಯಾನಿಕ್‌ನನ್ನು ಗಮನಿಸಿ. ಒಳ್ಳೆಯ ಮೆಕ್ಯಾನಿಕ್ ಗೋಣಿಚೀಲ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾನೆ. ಜೋಡಿಸುವಾಗ ಆ ಸಾಲನ್ನು ಕೊನೆಯಿಂದ ಹಿಂದಕ್ಕೆ ಓದಿಕೊಂಡು ಬರುತ್ತಾನೆ. ಪಿಸ್ತೂಲಿಗೂ ಅದೇ ನಿಯಮ. ಕಡೆಗೆ ಬಂದದ್ದು ಮೊದಲು ಹೋಗುತ್ತದೆ: ನಳಿಗೆ, ಸ್ಪ್ರಿಂಗ್, ಸ್ಲೈಡ್, ಸ್ಲೈಡ್ ಸ್ಟಾಪ್. ಯಾವುದೂ ಬಲವಂತದಿಂದ ಕೂರಬಾರದು. ಕೂರದಿದ್ದರೆ ಏನೋ ತಿರುಗುಮುರುಗಾಗಿದೆ ಎಂದೇ ಅರ್ಥ.

ನಳಿಗೆಯನ್ನು ಉಜ್ಜುವಾಗ ಕುಂಚವನ್ನೋ ಬಟ್ಟೆ ಚೂರನ್ನೋ ಸಾಧ್ಯವಾದರೆ ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ನೂಕಬೇಕು. ಎನ್.ಸಿ.ಸಿ.ಯಲ್ಲಿ ಆ ಚೂರಿಗೆ ಚಿಂದಿ ಎಂದೇ ಹೆಸರು, ನಮ್ಮ ಮಾತೇ. ಮೊದಲ ಚಿಂದಿ ಕಪ್ಪಾಗಿ ಬರುತ್ತದೆ, ಎರಡನೆಯದು ಬೂದಿ ಬಣ್ಣ. ಬೆಳ್ಳಗೆ ಬರುವ ತನಕ ನಿಲ್ಲಿಸುವಂತಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಸುರುಳಿಯಾಗಿ ಹೋಗುವ ಗೀರುಗಳು ಹೊಳೆಯುತ್ತವೆ. ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುವುದು ಅವೇ. ಎಣ್ಣೆ ಮಾತ್ರ ತೆಳ್ಳಗಿರಲಿ. ನಮ್ಮವರಿಗೆ ಎಣ್ಣೆ ಎಂದರೆ ಧಾರಾಳ. ಆದರೆ ಇಲ್ಲಿ ಹೆಚ್ಚಾದ ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ.

ಶುಚಿಯ ಬೆಲೆ ಎಷ್ಟು ಎನ್ನುವುದಕ್ಕೆ ಹಳೆಯದೊಂದು ಪರೀಕ್ಷೆಯಿದೆ. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ಬ್ರೌನಿಂಗ್‌ರ ಇನ್ನೊಂದು ಪಿಸ್ತೂಲಿನಿಂದ 6,000 ಗುಂಡು ಹಾರಿಸಿ ನೋಡಿತು. ಒಮ್ಮೆಯೂ ಅದು ನಿಲ್ಲಲಿಲ್ಲ ಎಂಬುದು ಪ್ರಸಿದ್ಧ. ಪ್ರತಿ ಸಾವಿರಕ್ಕೊಮ್ಮೆ ಬಿಚ್ಚಿ ಒರೆಸಿ ಎಣ್ಣೆ ಹಾಕಿದ್ದರು ಎಂಬುದು ಅಷ್ಟು ಪ್ರಸಿದ್ಧವಲ್ಲ.

ಕ್ರೀಡೆಯ ಪಿಸ್ತೂಲುಗಳ ಬಗೆ ಬೇರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಗಾಳಿಯೊತ್ತಡದಿಂದ ಹಾರುವ 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರಲ್ಲಿ ಮದ್ದೂ ಇಲ್ಲ, ಮಸಿಯೂ ಇಲ್ಲ. 2021ರ ಜುಲೈ 25ರಂದು ಟೋಕಿಯೋದಲ್ಲಿ ಮನು ಭಾಕರ್ ಅರ್ಹತಾ ಸುತ್ತಿನ ನಡುವೆ ಇದ್ದಾಗ ಪಿಸ್ತೂಲು ಕೈಕೊಟ್ಟಿತು. ಅದನ್ನು ಸರಿಮಾಡುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದವು. ಅವರು ಹನ್ನೆರಡನೆಯವರಾಗಿ ಫೈನಲ್ ತಪ್ಪಿಸಿಕೊಂಡರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಮನು ಎರಡು ಕಂಚು ಗೆದ್ದರು.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊದ್ ಹಬ್ಬಕ್ಕೆ ಕೋವಿಗಳನ್ನು ಒರೆಸಿ, ತೋಕ್ ಪೂ ಮುಡಿಸಿ, ದೇವರ ಕೋಣೆಯಲ್ಲಿಡುತ್ತಾರೆ. ಕೋವಿ ಪರವಾನಗಿಯ ವಿಷಯದಲ್ಲಿ ಕೊಡವರಿಗೆ ವಿಶೇಷ ವಿನಾಯಿತಿ ಇದೆ. ನಮಗೆ ಅದಿಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಗೆ 21 ವರ್ಷ ತುಂಬಿರಬೇಕು; ಎನ್.ಸಿ.ಸಿ. ಕೆಡೆಟ್‌ಗಳು ತಮ್ಮ ಕರ್ತವ್ಯದ ಭಾಗವಾಗಿ ಆಯುಧ ಹಿಡಿಯುವುದಕ್ಕೆ ಮಾತ್ರ ಕಾಯಿದೆಯೇ ದಾರಿ ಬಿಟ್ಟಿದೆ. ಕಾಡುಹಂದಿ ಕಾಟಕ್ಕೆಂದು ಮನೆಯ ಹಿರಿಯರು ಪರವಾನಗಿ ಪಡೆದ ಬಂದೂಕು ಗೋಡೆಯ ಮೇಲಿದ್ದರೆ, ಇಲ್ಲಿ ಓದಿದ್ದನ್ನು ಅದರ ಮೇಲೆ ಪ್ರಯೋಗಿಸಲು ಹೋಗಬೇಡಿ. ತಮ್ಮ ತಂಗಿಯರು ಮುಟ್ಟಿದ್ದು ಕಂಡರೆ ಕಿತ್ತುಕೊಳ್ಳಲೂ ಹೋಗಬೇಡಿ. ಎಳೆದಾಟದಲ್ಲೇ ಬೆರಳು ಟ್ರಿಗರಿಗೆ ಬೀಳುವುದು. ಕೆಳಗಿಡು ಎಂದು ಮೆಲ್ಲಗೆ ಹೇಳಿ, ಅಲ್ಲಿಂದ ಕರೆದುಕೊಂಡು ಬಂದು, ಹಿರಿಯರಿಗೆ ತಿಳಿಸಿ.

ತರಬೇತಿಯಲ್ಲಿ ಜೋಡಿಸಿ ಮುಗಿದ ಮೇಲೂ ಕೆಲಸ ಮುಗಿಯಲಿಲ್ಲ. ಸ್ಲೈಡನ್ನು ಒಂದೆರಡು ಸಲ ಎಳೆದು ಬಿಟ್ಟು, ಸರಾಗವಾಗಿ ಹೋಗಿ ಬರುತ್ತದೆಯೇ, ಸೇಫ್ಟಿ ಹಿಡಿಯುತ್ತದೆಯೇ ನೋಡಬೇಕು. ಹೊರಮೈಯ ಬೆರಳ ಗುರುತನ್ನು ಎಣ್ಣೆ ಬಟ್ಟೆಯಿಂದ ಒರೆಸಬೇಕು. ನಂಬರು ನೋಡಿ, ಕೋತ್‌ಗೆ, ಅಂದರೆ ಆಯುಧಾಗಾರಕ್ಕೆ ಒಪ್ಪಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಚಿಂದಿಗಳನ್ನು ಎಲ್ಲೆಂದರಲ್ಲಿ ಎಸೆಯಬಾರದು. ಆ ಕಪ್ಪಿನಲ್ಲಿ ಸೀಸವಿದೆ. ಬೆರಳಿಗಂಟಿದ್ದು ಬಾಯಿಗೆ ಹೋಗದಂತೆ ಊಟಕ್ಕೆ ಮುನ್ನ ಸಾಬೂನು ಹಾಕಿ ಕೈ ತೊಳೆಯಿರಿ.