ಎಷ್ಟು ಜನ ನೆನೆದರು ಎಂಬ ಲೆಕ್ಕ



ಹಳಗನ್ನಡ ಓದಿದವರಿಗೆ ಕೇಶಿರಾಜ ಗೊತ್ತು. ‘ಶಬ್ದಮಣಿದರ್ಪಣ’ದಲ್ಲಿ ಅವನು ಹಿಂದಿನ ಕವಿಗಳನ್ನು ಮುಂದಿಟ್ಟುಕೊಂಡೇ ವ್ಯಾಕರಣ ಹೇಳುತ್ತಾನೆ. ಅವನು ಹೆಸರಿಸಿದ ಗಜಗ, ಅಸಗರ ಕನ್ನಡ ಕಾವ್ಯಗಳು ನಮಗೆ ಸಿಕ್ಕಿಲ್ಲ. ಆದರೂ ಹೆಸರು ಉಳಿದಿದೆ. ಉಲ್ಲೇಖಕ್ಕೆ ಅಷ್ಟು ಶಕ್ತಿ! ವಿಜ್ಞಾನದಲ್ಲಂತೂ ಈ ಉಲ್ಲೇಖಗಳನ್ನು ಎಣಿಸಿ ಅಂಕವನ್ನೇ ಕೊಡುತ್ತಾರೆ.

ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉಲ್ಲೇಖಗಳಿಗೊಂದು ಸೂಚಿ ಬೇಕೆಂದು ಬರೆದರು. ಮುಂದೆ ಅದರಿಂದ ಬೆಳೆದದ್ದೇ ‘ಇಂಪ್ಯಾಕ್ಟ್ ಫ್ಯಾಕ್ಟರ್’. ಲೆಕ್ಕ ಸರಳ. ಒಂದು ಪತ್ರಿಕೆ ಎರಡು ವರ್ಷಗಳಲ್ಲಿ 100 ಪ್ರಬಂಧ ಅಚ್ಚು ಹಾಕಿತು ಅನ್ನಿ. ಮರುವರ್ಷ ಅವು 300 ಬಾರಿ ಉಲ್ಲೇಖಗೊಂಡರೆ ಪತ್ರಿಕೆಯ ಅಂಕ 3.

ಈಗ ಮಾನವ ತಳಿವಿಜ್ಞಾನದ ಒಂದು ಪತ್ರಿಕೆಯನ್ನು ನೋಡೋಣ. ಲಂಡನ್ನಿನಲ್ಲಿ 1925ರಲ್ಲಿ ಕಾರ್ಲ್ ಪಿಯರ್‌ಸನ್ ಅದನ್ನು ಆರಂಭಿಸಿದಾಗ ಹೆಸರು ‘ಆ್ಯನಲ್ಸ್ ಆಫ್ ಯುಜೆನಿಕ್ಸ್’. ಯುಜೆನಿಕ್ಸ್ ಎಂದರೆ ‘ಉತ್ತಮ’ರೆನಿಸಿಕೊಂಡವರ ಸಂತಾನವಷ್ಟೇ ಬೆಳೆಯಬೇಕೆಂಬ ವಾದ. ಅದರ ಕೊನೆ ಏನೆಂದು ಹಿಟ್ಲರನ ಜರ್ಮನಿ ತೋರಿಸಿತು. 1954ರಲ್ಲಿ, ಲಯನೆಲ್ ಪೆನ್‌ರೋಸ್ ಅವರ ಕಾಲದಲ್ಲಿ, ಪತ್ರಿಕೆ ‘ಆ್ಯನಲ್ಸ್ ಆಫ್ ಹ್ಯೂಮನ್ ಜೆನೆಟಿಕ್ಸ್’ ಆಯಿತು.

ಇದೇ ಪತ್ರಿಕೆಯಲ್ಲಿ 1936ರಲ್ಲಿ ಆರ್. ಎ. ಫಿಶರ್ ಒಂದು ಪ್ರಬಂಧ ಬರೆದರು. ಮೂರು ಜಾತಿಯ 150 ಐರಿಸ್ ಹೂಗಳು. ಎಸಳುಗಳ ಅಳತೆಯಿಂದ ಜಾತಿ ಗುರುತಿಸುವ ಗಣಿತ. ಇಂದು ಕಂಪ್ಯೂಟರಿಗೆ ಕಲಿಸುವ ವಿದ್ಯೆಗೆ ಕಾಲಿಟ್ಟವರು ಮೊದಮೊದಲು ನೋಡುವ ಅಂಕಿಅಂಶಗಳಲ್ಲಿ ಅವೂ ಸೇರಿವೆ. ಆ ಗಣಿತವನ್ನು 1948ರಲ್ಲಿ ಇನ್ನಷ್ಟು ವಿಸ್ತರಿಸಿದವರು ಫಿಶರ್ ಅವರ ಶಿಷ್ಯ ಸಿ. ಆರ್. ರಾವ್. ಅವರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ!

ವಿಚಿತ್ರ ನೋಡಿ. ಲೋಕವೆಲ್ಲ ಈಗಲೂ ಉಲ್ಲೇಖಿಸುವ ಆ ಪ್ರಬಂಧದಿಂದ ಪತ್ರಿಕೆಯ ಇಂದಿನ ಅಂಕಕ್ಕೆ ಏನೂ ಸೇರದು. ಲೆಕ್ಕ ಹಿಂದಿನ ಎರಡೇ ವರ್ಷಗಳದು. ಇನ್ನು ಹೊಗಳಿ ಉಲ್ಲೇಖಿಸಿದರೂ ಒಂದೇ, ತಪ್ಪೆಂದು ಖಂಡಿಸಿದರೂ ಒಂದೇ.

ಇದರಿಂದ ನಮಗೇನು ಎನ್ನುತ್ತೀರಾ? ನಾಲ್ಕೈದು ಕುಟುಂಬಗಳಲ್ಲಷ್ಟೇ ಕಂಡ ಒಂದು ವಂಶವಾಹಿ ಕಾಯಿಲೆಯನ್ನು ನೆನೆಯಿರಿ. ಅದರ ಬಗ್ಗೆ ಬರೆದರೆ ಉಲ್ಲೇಖಿಸುವವರು ಬೆರಳೆಣಿಕೆ. ಆದರೆ ಅದೇ ಕಾಯಿಲೆಯ ಇನ್ನೊಂದು ಮಗು ಬಂದಾಗ ವೈದ್ಯರಿಗೆ ಆ ಪ್ರಬಂಧವೇ ದಾರಿದೀಪ. ಯುವ ಸಂಶೋಧಕರ ನೌಕರಿ, ಬಡ್ತಿ ಅಂಕದ ಮೇಲೇ ನಿಂತರೆ, ಅಂಥ ಕಾಯಿಲೆಯ ಬೆನ್ನು ಹತ್ತುವವರು ಯಾರು? ವ್ಯಕ್ತಿಯ ಕೆಲಸವನ್ನು ಪತ್ರಿಕೆಯ ಅಂಕದಿಂದ ಅಳೆಯಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಘೋಷಣಾಪತ್ರ ಹೊರಡಿಸಲು ಮುಂದಾದದ್ದು ಇದಕ್ಕೇ.

ಪುಣೆ, ಹೈದರಾಬಾದ್, ದೆಹಲಿಯ ಪ್ರಯೋಗಾಲಯಗಳಲ್ಲಿ ನಿಮ್ಮ ಮನೆಯ ಮಕ್ಕಳೂ ಇರಬಹುದು. ಅವರ ಪ್ರಬಂಧ ಅಚ್ಚಾದ ದಿನ, “ಪತ್ರಿಕೆಯ ಅಂಕ ಎಷ್ಟು?” ಎನ್ನುವ ಮೊದಲು, “ಏನು ಕಂಡುಕೊಂಡೆಯಮ್ಮ? ಯಾರಿಗೆ ಉಪಯೋಗ?” ಎಂದು ಕೇಳಿ. ಕನ್ನಡದಲ್ಲೇ ಕೇಳಿ.